ಪದ ಒಂದೇ, ಅರ್ಥ ಹಲವು: ವೆಬ್ ಸೇವೆಗಳನ್ನು ಹುಡುಕಿ ಹೊಂದಿಸುವ ‘ಆಂಟಾಲಜಿ’

ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಕಳುಹಿಸಿದ್ದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆಯು 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹದ ಕಕ್ಷೆಯನ್ನು ಸೇರಬೇಕಿತ್ತು. ಸೇರಲಿಲ್ಲ, ಸಂಪರ್ಕ ಕಡಿದುಕೊಂಡು ನಾಶವಾಯಿತು. ಕಾರಣವೇನೆಂದು ತನಿಖೆ ನಡೆಸಿದಾಗ ಹೊರಬಿದ್ದ ಸಂಗತಿ ಅಚ್ಚರಿ ಹುಟ್ಟಿಸುವಂಥದ್ದು. ನೌಕೆಯ ಪುಟ್ಟ ಎಂಜಿನ್‌ಗಳ ನೂಕುಬಲದ ಲೆಕ್ಕವನ್ನು ಭೂಮಿಯ ಮೇಲಿನ ಒಂದು ತಂತ್ರಾಂಶವು ಪೌಂಡ್-ಸೆಕೆಂಡ್ ಮಾನದಲ್ಲಿ ಬರೆದಿತ್ತು. ಅದನ್ನು ಓದಿದ ಇನ್ನೊಂದು ತಂತ್ರಾಂಶವು ನ್ಯೂಟನ್-ಸೆಕೆಂಡ್ ಎಂದು ಭಾವಿಸಿತ್ತು. ಎರಡರ ನಡುವಿನ ಅಂತರ ಸುಮಾರು 4.45 ಪಟ್ಟು. ಕಡತ ಸರಿಯಾಗಿಯೇ ತಲುಪಿತ್ತು, ಅಂಕಿಗಳೂ ಸರಿಯಾಗಿಯೇ ಇದ್ದವು. ಆ ಅಂಕಿಗಳ ಹಿಂದಿನ ಅರ್ಥ ಮಾತ್ರ ಒಂದೆಡೆಯಿಂದ ಇನ್ನೊಂದೆಡೆಗೆ ದಾಟಲಿಲ್ಲ.

ಒಂದೇ ಯೋಜನೆಯ ಎರಡು ತಂತ್ರಾಂಶಗಳ ನಡುವೆಯೇ ಇಂತಹ ಅನಾಹುತ ಸಾಧ್ಯವೆಂದಾದರೆ, ಪರಸ್ಪರ ಪರಿಚಯವೇ ಇಲ್ಲದ ಸಾವಿರಾರು ಸಂಸ್ಥೆಗಳು ಅಂತರ್ಜಾಲದಲ್ಲಿ ತೆರೆದಿಟ್ಟಿರುವ ಸೇವೆಗಳ ಕಥೆ ಏನು? ಯಾವ ಸೇವೆ ನಿಜಕ್ಕೂ ಏನು ಮಾಡುತ್ತದೆ ಎಂಬುದನ್ನು ಯಂತ್ರಕ್ಕೆ ತಿಳಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಸಂಶೋಧಕರು ಕಂಡುಕೊಂಡ ಮಾರ್ಗವೇ ‘ಆಂಟಾಲಜಿ’. ಮನುಷ್ಯನ ಪರವಾಗಿ ತಂತ್ರಾಂಶವೇ ಸೇವೆಗಳನ್ನು ಹುಡುಕಿ, ಆರಿಸಿ, ಹಣ ಪಾವತಿಸುವ ಕಾಲ ಸಮೀಪಿಸಿರುವಾಗ ಈ ವಿಷಯ ಪ್ರಯೋಗಾಲಯಗಳಿಗಷ್ಟೇ ಸೀಮಿತವಾದುದಲ್ಲ.

ವೆಬ್ ಸೇವೆ ಎಂದರೇನು?

ಜಾಲತಾಣ ಇರುವುದು ಮನುಷ್ಯರು ನೋಡಲೆಂದು. ವೆಬ್ ಸೇವೆ ಇರುವುದು ಇನ್ನೊಂದು ತಂತ್ರಾಂಶ ಬಳಸಲೆಂದು. ಬಸ್ಸಿನ ಆಸನ ಕಾಯ್ದಿರಿಸುವ ಜಾಲತಾಣವನ್ನೇ ಗಮನಿಸಬಹುದು. ಹಣ ಪಾವತಿಗೆ ಅದು ಬ್ಯಾಂಕಿನ ಸೇವೆಯನ್ನು ಕರೆಯುತ್ತದೆ, ನಿಲ್ದಾಣ ತೋರಿಸಲು ನಕ್ಷೆಯ ಸೇವೆಯನ್ನು ಕರೆಯುತ್ತದೆ, ಟಿಕೆಟ್ ವಿವರವನ್ನು ಮೊಬೈಲಿಗೆ ಕಳುಹಿಸಲು ಸಂದೇಶ ಸೇವೆಯನ್ನು ಕರೆಯುತ್ತದೆ. ಪರದೆಯ ಮೇಲೆ ಕಾಣುವುದು ಒಂದೇ ಪುಟವಾದರೂ ಹಿಂದೆ ದುಡಿಯುವ ಸೇವೆಗಳು ಹಲವು.

2000ದ ಆಸುಪಾಸಿನಲ್ಲಿ ಈ ವ್ಯವಸ್ಥೆಗೆ ಒಂದು ಶಿಸ್ತು ತರುವ ಪ್ರಯತ್ನಗಳು ನಡೆದವು. ಸಂದೇಶ ವಿನಿಮಯಕ್ಕೆ ‘ಸೋಪ್’ ಎಂಬ ನಿಯಮಾವಳಿ ಬಂದಿತು. ಸೇವೆಯನ್ನು ಹೇಗೆ ಕರೆಯಬೇಕು, ಏನನ್ನು ಕೊಡಬೇಕು, ಏನು ಮರಳಿ ಬರುತ್ತದೆ ಎಂಬುದನ್ನು ಬರೆದಿಡಲು 2001ರಲ್ಲಿ ‘ಡಬ್ಲ್ಯುಎಸ್‌ಡಿಎಲ್’ ಎಂಬ ವಿವರಣಾ ಭಾಷೆ ಪ್ರಕಟವಾಯಿತು. ಸೇವೆಗಳ ವಿಳಾಸಗಳನ್ನೆಲ್ಲ ಒಂದೆಡೆ ಪಟ್ಟಿ ಮಾಡಲು ಮೈಕ್ರೋಸಾಫ್ಟ್, ಐಬಿಎಂ ಮತ್ತು ಅರಿಬಾ ಕಂಪನಿಗಳು ಒಟ್ಟುಗೂಡಿ 2000ದ ಸೆಪ್ಟೆಂಬರಿನಲ್ಲಿ ‘ಯುಡಿಡಿಐ’ ಯೋಜನೆಯನ್ನು ಘೋಷಿಸಿದವು. ದೂರವಾಣಿ ಇಲಾಖೆಯ ಹಳದಿ ಪುಟಗಳಂತೆ ಜಗತ್ತಿನ ವೆಬ್ ಸೇವೆಗಳಿಗೆಲ್ಲ ಒಂದು ಸಾರ್ವಜನಿಕ ಡೈರೆಕ್ಟರಿ ಇರಬೇಕೆಂಬುದು ಅದರ ಆಶಯವಾಗಿತ್ತು.

ಆಶಯ ಕೈಗೂಡಲಿಲ್ಲ. ಐಬಿಎಂ, ಮೈಕ್ರೋಸಾಫ್ಟ್ ಮತ್ತು ಎಸ್‌ಎಪಿ ನಡೆಸುತ್ತಿದ್ದ ಸಾರ್ವಜನಿಕ ಡೈರೆಕ್ಟರಿಯನ್ನು 2006ರ ಜನವರಿಯಲ್ಲಿ ಮುಚ್ಚಲಾಯಿತು. ಅದರ ಮೂಲಭೂತ ಕೊರತೆಗಳಲ್ಲಿ ಒಂದೆಂದರೆ, ಅಲ್ಲಿ ಹುಡುಕಾಟವು ಹೆಸರು, ವರ್ಗಸಂಖ್ಯೆ ಮತ್ತು ಪದಗಳನ್ನು ಆಧರಿಸಿತ್ತು. ಸೇವೆ ಮಾಡುವ ಕೆಲಸದ ಅರ್ಥಕ್ಕೆ ಅಲ್ಲಿ ಸ್ಥಾನವಿರಲಿಲ್ಲ.

ಪದ ನಂಬಿದರೆ ಕೆಟ್ಟಂತೆ

ಪದವನ್ನಷ್ಟೇ ನಂಬಿ ಹುಡುಕುವುದರಲ್ಲಿ ಇರುವ ತೊಡಕನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ‘ಮಾವ’ ಎಂದರೆ ತಾಯಿಯ ಸಹೋದರನೂ ಹೌದು, ಗಂಡನ ಅಥವಾ ಹೆಂಡತಿಯ ತಂದೆಯೂ ಹೌದು. ಇಲ್ಲಿ ಪದ ಒಂದು, ಅರ್ಥ ಎರಡು. ಮೆಕ್ಕೆಜೋಳ, ಮುಸುಕಿನ ಜೋಳ, ಗೋವಿನ ಜೋಳ ಎಂಬ ಮೂರು ಹೆಸರುಗಳು ಸೂಚಿಸುವುದು ಒಂದೇ ಧಾನ್ಯವನ್ನು. ಆದರೆ ರೊಟ್ಟಿ ತಟ್ಟುವ ‘ಜೋಳ’ವೇ ಬೇರೆ. ‘ಜೋಳ’ ಎಂಬ ಪದವನ್ನು ಕೊಟ್ಟು ಹುಡುಕಿದರೆ ಯಂತ್ರವು ನಾಲ್ಕನ್ನೂ ಒಂದೇ ರಾಶಿಗೆ ಸುರಿಯುತ್ತದೆ. ‘ಮೆಕ್ಕೆಜೋಳ’ ಎಂದು ಹುಡುಕಿದರೆ ಗೋವಿನ ಜೋಳ ಮಾರುವವನ ಅಂಗಡಿ ಅದಕ್ಕೆ ಕಾಣುವುದೇ ಇಲ್ಲ. ಬೇಡದ್ದು ಸಿಗುವುದು, ಬೇಕಾದ್ದು ತಪ್ಪಿಹೋಗುವುದು ಇವೆರಡೂ ಪದಾಧಾರಿತ ಹುಡುಕಾಟದ ದೋಷಗಳು.

ಕಿರಾಣಿ ಸಾಮಾನಿನಲ್ಲಿ ಈ ದೋಷದ ಬೆಲೆ ಅಲ್ಪ. ಆಂಬುಲೆನ್ಸ್ ಹುಡುಕುವಾಗ ಹಾಗಲ್ಲ. ಭಾರತದಲ್ಲಿ ರಸ್ತೆ ಆಂಬುಲೆನ್ಸ್‌ಗಳಿಗೆ ಅನ್ವಯಿಸುವ ಎಐಎಸ್-125 ಮಾನದಂಡವು ಅವುಗಳನ್ನು ನಾಲ್ಕು ಮಾದರಿಗಳಾಗಿ ವಿಂಗಡಿಸುತ್ತದೆ. ‘ಎ’ ಮಾದರಿಯು ಸ್ಥಳಕ್ಕೆ ಮೊದಲು ಧಾವಿಸಿ ಪ್ರಥಮ ನೆರವು ನೀಡುವ ವಾಹನ; ‘ಬಿ’ ರೋಗಿಯನ್ನು ಸಾಗಿಸುವ ವಾಹನ; ‘ಸಿ’ ಮೂಲಭೂತ ಜೀವರಕ್ಷಕ ಸೌಲಭ್ಯವುಳ್ಳದ್ದು; ‘ಡಿ’ ಉನ್ನತ ಜೀವರಕ್ಷಕ ಸೌಲಭ್ಯವುಳ್ಳದ್ದು. ಉಸಿರಾಟಕ್ಕೆ ಯಂತ್ರದ ಆಸರೆ ಬೇಕಾದ ರೋಗಿಗೆ ‘ಬಿ’ ಮಾದರಿಯ ವಾಹನ ಬಂದು ನಿಂತರೆ ಪ್ರಯೋಜನವಿಲ್ಲ. ಹೆಸರನ್ನಷ್ಟೇ ನೋಡಿದರೆ ಎಲ್ಲವೂ ಆಂಬುಲೆನ್ಸ್‌ಗಳೇ. ‘ವಾಹನ’, ‘ಆಸ್ಪತ್ರೆ’, ‘24 ಗಂಟೆ’ ಮುಂತಾದ ಪದಗಳನ್ನು ನಂಬಿದರೆ ಶವವಾಹನದ ಸೇವೆಯೂ ಅದೇ ಪಟ್ಟಿಯಲ್ಲಿ ಕಾಣಿಸಿಕೊಂಡೀತು.

ಅರ್ಥಗಳ ನಕ್ಷೆ

ಆಂಟಾಲಜಿ ಎಂಬುದು ಮೂಲತಃ ತತ್ವಶಾಸ್ತ್ರದ ಪದ. ಇರುವಿಕೆಯ ಸ್ವರೂಪವನ್ನು ವಿಚಾರಿಸುವ ಶಾಖೆಯ ಹೆಸರು. ಗಣಕ ವಿಜ್ಞಾನದಲ್ಲಿ ಅದರ ಅರ್ಥ ಇನ್ನಷ್ಟು ಸೀಮಿತ. ಒಂದು ಕ್ಷೇತ್ರದಲ್ಲಿ ಯಾವ ಯಾವ ಪರಿಕಲ್ಪನೆಗಳಿವೆ, ಅವುಗಳ ನಡುವಿನ ಸಂಬಂಧಗಳೇನು ಎಂಬುದನ್ನು ಸ್ಪಷ್ಟವಾಗಿ, ಯಂತ್ರಕ್ಕೆ ತಿಳಿಯುವಂತೆ ಬರೆದಿಟ್ಟ ನಿರೂಪಣೆಯೇ ಆಂಟಾಲಜಿ. ಅಮೆರಿಕದ ಸಂಶೋಧಕ ಟಾಮ್ ಗ್ರೂಬರ್ 1993ರಲ್ಲಿ ನೀಡಿದ ವ್ಯಾಖ್ಯೆಯ ಸಾರವೂ ಇದೇ.

ನಿಘಂಟಿಗೂ ಇದಕ್ಕೂ ವ್ಯತ್ಯಾಸವಿದೆ. ನಿಘಂಟಿನಲ್ಲಿ ಪದಗಳು ಅಕ್ಷರಕ್ರಮದಲ್ಲಿರುತ್ತವೆ. ಸಂಸ್ಕೃತದ ಅಮರಕೋಶವು ಹಾಗಲ್ಲ. ಅಲ್ಲಿ ವನೌಷಧಿವರ್ಗ, ಸಿಂಹಾದಿವರ್ಗ, ಮನುಷ್ಯವರ್ಗ ಎಂದು ವಿಷಯಾನುಸಾರ ವಿಂಗಡಣೆ ಮಾಡಿ, ಒಂದೇ ಅರ್ಥದ ಪದಗಳನ್ನು ಒಟ್ಟಿಗೆ ಇರಿಸಲಾಗಿದೆ. ಆಂಟಾಲಜಿ ಇದೇ ದಾರಿಯಲ್ಲಿ ಮತ್ತಷ್ಟು ಮುಂದೆ ಸಾಗುತ್ತದೆ. ‘ಪ್ರತಿಯೊಂದು ಡಿ ಮಾದರಿಯ ವಾಹನವೂ ಆಂಬುಲೆನ್ಸ್, ಪ್ರತಿಯೊಂದು ಆಂಬುಲೆನ್ಸ್ ಕೂಡ ತುರ್ತು ಸೇವಾ ವಾಹನ, ಶವವಾಹನವು ಆಂಬುಲೆನ್ಸ್ ಅಲ್ಲ’ ಎಂಬ ನಿಯಮಗಳನ್ನೂ ಅದರಲ್ಲಿ ಬರೆಯಬಹುದು. ಹೀಗೆ ಬರೆದ ಮೇಲೆ ‘ಡಿ ಮಾದರಿಯ ವಾಹನವು ತುರ್ತು ಸೇವಾ ವಾಹನವೂ ಹೌದು’ ಎಂದು ಪ್ರತ್ಯೇಕವಾಗಿ ಹೇಳಬೇಕಿಲ್ಲ. ‘ರೀಸನರ್’ ಎಂಬ ತರ್ಕ ತಂತ್ರಾಂಶವು ಅದನ್ನು ತಾನೇ ಊಹಿಸಿಕೊಳ್ಳುತ್ತದೆ.

ವೆಬ್ ಜನಕ ಟಿಮ್ ಬರ್ನರ್ಸ್-ಲೀ ಅವರು ಜೇಮ್ಸ್ ಹೆಂಡ್ಲರ್ ಮತ್ತು ಓರಾ ಲಸ್ಸಿಲಾ ಅವರೊಡನೆ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ 2001ರ ಮೇ ಸಂಚಿಕೆಯಲ್ಲಿ ಬರೆದ ‘ಸೆಮ್ಯಾಂಟಿಕ್ ವೆಬ್’ ಲೇಖನವು ಈ ವಿಚಾರಕ್ಕೆ ವ್ಯಾಪಕ ಪ್ರಚಾರ ನೀಡಿತು. ಅಲ್ಲಿನ ಉದಾಹರಣೆಯೂ ಆರೋಗ್ಯ ಸೇವೆಗೆ ಸಂಬಂಧಿಸಿದ್ದೇ: ತಾಯಿಯ ಚಿಕಿತ್ಸೆಗೆ ತಕ್ಕ ಕೇಂದ್ರವನ್ನು ಹುಡುಕಿ, ಸಮಯ ನಿಗದಿ ಮಾಡುವ ಕೆಲಸವನ್ನು ಮಕ್ಕಳ ಪರವಾಗಿ ತಂತ್ರಾಂಶವೇ ನಿರ್ವಹಿಸುತ್ತದೆ. ಆಂಟಾಲಜಿಗಳನ್ನು ಬರೆಯಲು ‘ಔಲ್’ ಎಂಬ ಭಾಷೆಗೆ ವಿಶ್ವ ವೆಬ್ ಒಕ್ಕೂಟವಾದ ಡಬ್ಲ್ಯು3ಸಿ 2004ರ ಫೆಬ್ರವರಿಯಲ್ಲಿ ಅಧಿಕೃತ ಮನ್ನಣೆ ನೀಡಿತು. ಅದೇ ವರ್ಷದ ನವೆಂಬರಿನಲ್ಲಿ ವೆಬ್ ಸೇವೆಗಳಿಗೆಂದೇ ರೂಪಿಸಿದ ‘ಔಲ್-ಎಸ್’ ಎಂಬ ಆಂಟಾಲಜಿಯನ್ನು ಒಕ್ಕೂಟದ ಮುಂದಿಡಲಾಯಿತು.

ಔಲ್-ಎಸ್ ಒಂದು ಸೇವೆಯನ್ನು ಮೂರು ಭಾಗಗಳಲ್ಲಿ ವಿವರಿಸುತ್ತದೆ: ಸೇವೆ ಏನು ಮಾಡುತ್ತದೆ, ಹೇಗೆ ಮಾಡುತ್ತದೆ, ಅದನ್ನು ಕರೆಯುವುದು ಹೇಗೆ. ಹುಡುಕಾಟಕ್ಕೆ ಬೇಕಾದುದು ಮೊದಲನೆಯದು. ಅದರಲ್ಲಿ ನಾಲ್ಕು ಅಂಶಗಳಿರುತ್ತವೆ: ಸೇವೆಗೆ ಒದಗಿಸಬೇಕಾದ ಮಾಹಿತಿ, ಸೇವೆ ಮರಳಿಸುವ ಮಾಹಿತಿ, ಪೂರ್ವಷರತ್ತು ಮತ್ತು ಪರಿಣಾಮ. ಕೊನೆಯ ಎರಡು ಏಕೆ ಬೇಕು ಎಂಬ ಸಂಶಯ ಮೂಡಬಹುದು. ಎರಡು ಸೇವೆಗಳು ಊರುಗಳ ಹೆಸರನ್ನು ಪಡೆದು ಪ್ರಯಾಣದರವನ್ನು ತಿಳಿಸುತ್ತವೆ ಎಂದಿಟ್ಟುಕೊಳ್ಳೋಣ. ಒಂದು ದರವನ್ನಷ್ಟೇ ತಿಳಿಸಿ ಸುಮ್ಮನಾಗುತ್ತದೆ. ಇನ್ನೊಂದು ವಾಹನವನ್ನು ಕಾಯ್ದಿರಿಸಿ ಖಾತೆಯಿಂದ ಹಣವನ್ನೂ ಕಡಿತ ಮಾಡುತ್ತದೆ. ಕೊಟ್ಟದ್ದೂ ಒಂದೇ, ಬಂದದ್ದೂ ಒಂದೇ, ಪರಿಣಾಮ ಬೇರೆ.

ಹೊಂದಾಣಿಕೆಯ ನಾಲ್ಕು ದರ್ಜೆಗಳು

ಬೇಡಿಕೆ ಮತ್ತು ಸೇವೆ ಎರಡನ್ನೂ ಒಂದೇ ಆಂಟಾಲಜಿಯ ಪರಿಕಲ್ಪನೆಗಳಲ್ಲಿ ಬರೆದಿದ್ದರೆ ಅವುಗಳನ್ನು ಹೋಲಿಸುವುದು ತರ್ಕದ ಕೆಲಸ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮಾಸ್ಸಿಮೊ ಪಾವೊಲುಚ್ಚಿ, ಕಾತಿಯಾ ಸೈಕಾರಾ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ವಿಧಾನವು ಈ ಕ್ಷೇತ್ರದ ಬಹುತೇಕ ಸಂಶೋಧನೆಗಳಿಗೆ ಬುನಾದಿಯಾಯಿತು. ಅದರಲ್ಲಿ ಹೊಂದಾಣಿಕೆಗೆ ನಾಲ್ಕು ದರ್ಜೆಗಳಿವೆ.

ಮೊದಲನೆಯದು ನಿಖರ ಹೊಂದಾಣಿಕೆ. ಕೇಳಿದ್ದು ಡಿ ಮಾದರಿಯ ಆಂಬುಲೆನ್ಸ್, ಸೇವೆ ಘೋಷಿಸಿಕೊಂಡಿದ್ದೂ ಅದನ್ನೇ. ಎರಡನೆಯದು ‘ಪ್ಲಗ್-ಇನ್’. ಸೇವೆಯು ‘ತುರ್ತು ಸೇವಾ ವಾಹನಗಳನ್ನು ಒದಗಿಸುತ್ತೇವೆ’ ಎಂದು ಘೋಷಿಸಿದೆ; ಕೇಳಿದ್ದು ಆ ದೊಡ್ಡ ವರ್ಗದ ಒಳಗೆ ಬರುತ್ತದೆ, ಆದ್ದರಿಂದ ಸಿಗುವ ಸಾಧ್ಯತೆ ಇದೆ. ಮೂರನೆಯದು ‘ಸಬ್‌ಸ್ಯೂಮ್ಸ್’. ಬೇಡಿಕೆ ‘ಯಾವುದಾದರೂ ಆಂಬುಲೆನ್ಸ್’ ಎಂದಿದೆ, ಸೇವೆಯ ಬಳಿ ಇರುವುದು ಬಿ ಮಾದರಿ ಮಾತ್ರ. ಬೇಡಿಕೆಯ ಒಂದು ಭಾಗವಷ್ಟೇ ಪೂರೈಕೆಯಾಗುತ್ತದೆ. ನಾಲ್ಕನೆಯದು ವಿಫಲ. ಶವವಾಹನ ಇಲ್ಲಿಗೆ ಸೇರುತ್ತದೆ, ಅದರ ಜಾಹೀರಾತಿನ ಪದಗಳು ಎಷ್ಟೇ ಹೋಲುವಂತಿರಲಿ.

ಈ ದರ್ಜೆಗಳ ಹಿಂದೆ ಒಂದು ನಂಬಿಕೆ ಅಡಗಿದೆ ಎಂಬುದು ಗಮನಾರ್ಹ. ಒಂದು ವರ್ಗವನ್ನು ಘೋಷಿಸಿಕೊಂಡ ಸೇವೆಯು ಆ ವರ್ಗದ ನೇರ ಉಪವರ್ಗಗಳೆಲ್ಲವನ್ನೂ ಒದಗಿಸಬಲ್ಲದು ಎಂದು ಈ ವಿಧಾನ ಭಾವಿಸುತ್ತದೆ. ಹಾಗಾಗಿ ಡಿ ಮಾದರಿಯನ್ನು ಕೇಳಿದಾಗ, ಬರೀ ‘ಆಂಬುಲೆನ್ಸ್’ ಎಂದು ಘೋಷಿಸಿಕೊಂಡ ಸೇವೆಗೂ ನಿಖರ ಹೊಂದಾಣಿಕೆಯ ಸ್ಥಾನ ದೊರೆಯುತ್ತದೆ. ಪುಸ್ತಕದ ಅಂಗಡಿಯ ವಿಷಯದಲ್ಲಿ ಈ ನಂಬಿಕೆಯಿಂದ ನಷ್ಟವಿಲ್ಲ. ಪುಸ್ತಕ ಇಲ್ಲವೆಂದರೆ ಮುಂದಿನ ಅಂಗಡಿಗೆ ಹೋದರಾಯಿತು. ಜೀವ ಉಳಿಸುವ ಸೇವೆಯಲ್ಲಿ ಅದೇ ನಂಬಿಕೆ ಅಪಾಯಕಾರಿ. ತರ್ಕ ತಂತ್ರಾಂಶದಲ್ಲಿ ಯಾವ ದೋಷವೂ ಇಲ್ಲದಿದ್ದರೂ ಫಲಿತಾಂಶ ತಪ್ಪಾಗಬಹುದು ಎಂಬುದು ಇಲ್ಲಿನ ಪಾಠ.

ಇನ್ನೂ ಒಂದು ವಿಪರ್ಯಾಸವಿದೆ. ಜರ್ಮನಿಯ ಮಥಿಯಾಸ್ ಕ್ಲುಶ್ ಮತ್ತು ಸಂಗಡಿಗರು 2006ರಲ್ಲಿ ಪರಿಚಯಿಸಿದ ‘ಔಲ್ಸ್-ಎಂಎಕ್ಸ್’ ವ್ಯವಸ್ಥೆಯಲ್ಲಿ ‘ಪ್ಲಗ್-ಇನ್’ ಪದಕ್ಕೆ ಬೇರೆಯೇ ವ್ಯಾಖ್ಯೆಯಿದೆ. ಅಲ್ಲಿ ಸೇವೆ ನೀಡುವ ಫಲವು ಕೇಳಿದ್ದಕ್ಕಿಂತ ಹೆಚ್ಚು ನಿರ್ದಿಷ್ಟವಾಗಿರಬೇಕು. ಪದಗಳ ಗೊಂದಲ ನಿವಾರಿಸಲು ಹೊರಟ ಕ್ಷೇತ್ರದೊಳಗೇ ಪದವೊಂದಕ್ಕೆ ಎರಡು ಅರ್ಥಗಳು! ಆದರೆ ಔಲ್ಸ್-ಎಂಎಕ್ಸ್ ಮಹತ್ವ ಪಡೆದದ್ದು ಬೇರೆ ಕಾರಣಕ್ಕೆ. ಅದು ತರ್ಕದ ಜೊತೆಗೆ ಪದಗಳ ಸಾಮ್ಯವನ್ನೂ ಅಳೆಯುವ ಮಿಶ್ರ ವಿಧಾನವನ್ನು ಅನುಸರಿಸಿತು. ಬರೀ ತರ್ಕವನ್ನು ನೆಚ್ಚಿದ ವಿಧಾನಕ್ಕಿಂತ ಮಿಶ್ರ ವಿಧಾನವು ಹಲವು ಸಂದರ್ಭಗಳಲ್ಲಿ ಉತ್ತಮ ಫಲ ನೀಡಬಲ್ಲದು ಎಂಬುದನ್ನು ಅದರ ಪ್ರಯೋಗಗಳು ತೋರಿಸಿದವು.

ನಾನಾ ಬಗೆಯ ಸೇವೆಗಳು, ಒಂದೇ ಹುಡುಕಾಟ

ಎಲ್ಲ ಸೇವೆಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವುದಿಲ್ಲ. ಒಂದು ಸೋಪ್ ನಿಯಮಾವಳಿಯದು. ಇನ್ನೊಂದು ಸಾಮಾನ್ಯ ವೆಬ್ ವಿಳಾಸದ ಮೂಲಕವೇ ಉತ್ತರ ನೀಡುವ ‘ರೆಸ್ಟ್’ ಶೈಲಿಯದು. ಒಂದು ಸ್ಥಳವನ್ನು ಅಕ್ಷಾಂಶ-ರೇಖಾಂಶದಲ್ಲಿ ಕೇಳುತ್ತದೆ, ಇನ್ನೊಂದು ಪಿನ್‌ಕೋಡ್ ಕೇಳುತ್ತದೆ. ಇವುಗಳನ್ನು ಒಂದೇ ಹುಡುಕಾಟದ ವ್ಯಾಪ್ತಿಗೆ ತರುವ ಪ್ರಯತ್ನಗಳೂ ನಡೆದವು.

2005ರಲ್ಲಿ ಡಬ್ಲ್ಯು3ಸಿಗೆ ಸಲ್ಲಿಸಲಾದ ‘ಡಬ್ಲ್ಯುಎಸ್‌ಎಂಒ’ ಎಂಬ ಯುರೋಪಿನ ಯೋಜನೆಯು ಆಂಟಾಲಜಿ, ಗುರಿ, ಸೇವೆ ಎಂಬ ಮೂರು ಅಂಗಗಳೊಂದಿಗೆ ‘ಮಧ್ಯವರ್ತಿ’ ಎಂಬ ನಾಲ್ಕನೆಯ ಅಂಗವನ್ನು ಸೇರಿಸಿತು. ಪಿನ್‌ಕೋಡನ್ನು ಅಕ್ಷಾಂಶ-ರೇಖಾಂಶಕ್ಕೆ ಬದಲಿಸುವಂತಹ ದುಭಾಷಿಯ ಕೆಲಸ ಅದರದು. 2007ರ ಆಗಸ್ಟಿನಲ್ಲಿ ಡಬ್ಲ್ಯು3ಸಿ ಅಂಗೀಕರಿಸಿದ ‘ಸಾ-ಡಬ್ಲ್ಯುಎಸ್‌ಡಿಎಲ್’ ಇನ್ನಷ್ಟು ಸರಳವಾದುದು. ಈಗಾಗಲೇ ಇರುವ ಡಬ್ಲ್ಯುಎಸ್‌ಡಿಎಲ್ ಕಡತದಲ್ಲಿ ‘ಈ ಅಂಶದ ಅರ್ಥವನ್ನು ಇಂತಹ ಆಂಟಾಲಜಿಯ ಇಂತಹ ಪರಿಕಲ್ಪನೆಯಲ್ಲಿ ನೋಡಿ’ ಎಂಬ ಸೂಚನೆಯನ್ನು ಸೇರಿಸಿದರೆ ಸಾಕು. ರೆಸ್ಟ್ ಸೇವೆಗಳ ವಿವರಣಾ ಪುಟಗಳಿಗೂ ಇದೇ ಬಗೆಯ ಗುರುತು ಹಚ್ಚುವ ವಿಧಾನಗಳು ಅನಂತರ ಬಂದವು. ಸೇವೆಯ ಹೊರರೂಪ ಹೇಗೇ ಇರಲಿ, ಅರ್ಥದ ಸ್ತರದಲ್ಲಿ ಎಲ್ಲವೂ ಒಂದೇ ನಕ್ಷೆಗೆ ಬಂದು ಸೇರಬೇಕೆಂಬುದು ಈ ಎಲ್ಲ ಪ್ರಯತ್ನಗಳ ಸಮಾನ ತಿರುಳು.

ಬರೆಯುವವರು ಯಾರು?

ಇಷ್ಟೆಲ್ಲ ಸಿದ್ಧತೆಯಿದ್ದೂ ಈ ತಂತ್ರಜ್ಞಾನವು ಸಾರ್ವಜನಿಕ ಅಂತರ್ಜಾಲದಲ್ಲಿ ಬೇರೂರಲಿಲ್ಲ. ತರ್ಕದ ಸೋಲಿಗಿಂತ ಶ್ರಮದ ಸೋಲು ಅದಕ್ಕೆ ಮುಖ್ಯ ಕಾರಣವೆನ್ನಬೇಕು. ಪ್ರತಿಯೊಂದು ಸೇವೆಗೂ ಯಾರಾದರೂ ಕುಳಿತು ಅರ್ಥದ ವಿವರಣೆಯನ್ನು ಬರೆಯಬೇಕು, ಸೇವೆ ಬದಲಾದಾಗಲೆಲ್ಲ ತಿದ್ದಬೇಕು. ಬರೆದವನಿಗೆ ಕೂಡಲೇ ದೊರೆಯುವ ಲಾಭವೇನೂ ಇರಲಿಲ್ಲ. ಹುಡುಕುವವರಿಲ್ಲದೆ ಬರೆಯುವವರಿಲ್ಲ, ಬರೆಯುವವರಿಲ್ಲದೆ ಹುಡುಕುವವರಿಲ್ಲ ಎಂಬ ಪರಿಸ್ಥಿತಿ ನಿರ್ಮಾಣವಾಯಿತು. ಇದಲ್ಲದೆ, ಕಂಪನಿಗಳು ಅಪರಿಚಿತ ಸೇವೆಯನ್ನು ಡೈರೆಕ್ಟರಿಯಲ್ಲಿ ಹುಡುಕಿ ಬಳಸುವುದಕ್ಕಿಂತ, ಪರಿಚಿತ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಸೇವೆ ಪಡೆಯುವುದನ್ನೇ ಇಷ್ಟಪಟ್ಟವು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಗೂಗಲ್, ಮೈಕ್ರೋಸಾಫ್ಟ್ ಮತ್ತು ಯಾಹೂ ಸೇರಿ 2011ರ ಜೂನ್ ತಿಂಗಳಲ್ಲಿ ‘ಸ್ಕೀಮಾ ಡಾಟ್ ಆರ್ಗ್’ ಎಂಬ ಸರಳ ಪದಕೋಶವನ್ನು ಆರಂಭಿಸಿದವು. ಪುಟದಲ್ಲಿರುವುದು ಅಡುಗೆಯ ವಿಧಾನವೋ, ಕಾರ್ಯಕ್ರಮವೋ, ಅಂಗಡಿಯೋ ಎಂದು ಗುರುತು ಹಚ್ಚಿದರೆ ಹುಡುಕಾಟದ ಫಲಿತಾಂಶದಲ್ಲಿ ಆ ಪುಟ ಹೆಚ್ಚು ವಿವರಗಳೊಂದಿಗೆ ಕಾಣಿಸಿಕೊಳ್ಳಬಹುದು. ತರ್ಕದ ಆಳ ಇಲ್ಲಿ ಕಡಿಮೆ. ಬರೆದವನಿಗೆ ಪ್ರತಿಫಲ ಸ್ಪಷ್ಟ. ಲಕ್ಷಾಂತರ ಜಾಲತಾಣಗಳು ಅದನ್ನು ಅಳವಡಿಸಿಕೊಂಡವು.

ಬೆಂಗಳೂರಿನ ನಂಟು

ನಮ್ಮ ನಡುವಿನ ಪ್ರಯೋಗವೊಂದು ಇದೇ ಸಮಸ್ಯೆಯನ್ನು ಇನ್ನೊಂದು ದಿಕ್ಕಿನಿಂದ ಎದುರಿಸಿದೆ. ನಂದನ್ ನಿಲೇಕಣಿ, ಪ್ರಮೋದ್ ವರ್ಮ ಮತ್ತು ಸುಜಿತ್ ನಾಯರ್ ಅವರು ಹುಟ್ಟುಹಾಕಿದ ‘ಬೆಕ್ನ್’ ಎಂಬ ಮುಕ್ತ ನಿಯಮಾವಳಿಯು ಕೊಳ್ಳುವವರ ತಂತ್ರಾಂಶ ಮತ್ತು ಮಾರುವವರ ತಂತ್ರಾಂಶ ಮಾತನಾಡಿಕೊಳ್ಳಲು ಒಂದು ಸಮಾನ ಭಾಷೆಯನ್ನು ಗೊತ್ತುಪಡಿಸುತ್ತದೆ. ಹುಡುಕು, ಆರಿಸು, ಆರಂಭಿಸು, ದೃಢಪಡಿಸು, ಸ್ಥಿತಿ ತಿಳಿಸು, ರದ್ದುಗೊಳಿಸು ಮುಂತಾದ ಕ್ರಿಯೆಗಳು ಎಲ್ಲರಿಗೂ ಒಂದೇ. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ನಮ್ಮ ಯಾತ್ರಿ’ ಆಟೊ ಸೇವೆಯ ತಳಹದಿ ಇದೇ. 2021ರ ಡಿಸೆಂಬರ್ ಅಂತ್ಯದಲ್ಲಿ ನೋಂದಣಿಯಾದ ಕೇಂದ್ರ ಸರ್ಕಾರ ಬೆಂಬಲಿತ ಒಎನ್‌ಡಿಸಿ ಜಾಲವೂ ಬೆಕ್ನ್ ಆಧರಿಸಿಯೇ ರೂಪುಗೊಂಡಿತು.

ಇಲ್ಲಿ ಔಲ್ ಭಾಷೆಯ ತರ್ಕಸರಣಿ ಇಲ್ಲ. ಬದಲಿಗೆ ಕ್ಷೇತ್ರವಾರು ಗೊತ್ತುಪಡಿಸಿದ ಸಂಕೇತಗಳಿವೆ. ಒಎನ್‌ಡಿಸಿಯಲ್ಲಿ ಕಿರಾಣಿ ವಸ್ತುಗಳಿಗೆ ‘ಆರ್‌ಇಟಿ10’, ಸಿದ್ಧ ಆಹಾರಕ್ಕೆ ‘ಆರ್‌ಇಟಿ11’. ಅರ್ಥವನ್ನು ಯಂತ್ರವು ಊಹಿಸುವುದಿಲ್ಲ, ಜಾಲವನ್ನು ಸೇರುವವರು ಮೊದಲೇ ಒಪ್ಪಿಕೊಂಡಿರುತ್ತಾರೆ. ಆಟೊ, ಕಿರಾಣಿಯಂತಹ ಸೀಮಿತ ಕ್ಷೇತ್ರಗಳಿಗೆ ಇದು ಸರಳ ಮಾರ್ಗ. ಆದರೆ ಪಟ್ಟಿಯಲ್ಲಿ ಮೆಕ್ಕೆಜೋಳವನ್ನು ಯಾವ ಹೆಸರಿನಲ್ಲಿ ನಮೂದಿಸಬೇಕು, ಯಾವುದನ್ನು ಯಾವ ವರ್ಗಕ್ಕೆ ಸೇರಿಸಬೇಕು ಎಂಬುದನ್ನು ನಿರ್ಧರಿಸುವ ಕೆಲಸ ಇಲ್ಲಿಯೂ ತಪ್ಪಿದ್ದಲ್ಲ.

ಮತ್ತೆ ಎದ್ದ ಹಳೆಯ ಪ್ರಶ್ನೆ

ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳು ಬಂದ ಮೇಲೆ ಈ ಚರ್ಚೆಗೆ ಮರುಜೀವ ದೊರೆತಿದೆ. ಆಂಥ್ರೋಪಿಕ್ ಕಂಪನಿಯು 2024ರ ನವೆಂಬರಿನಲ್ಲಿ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಎಂಬ ಮುಕ್ತ ನಿಯಮಾವಳಿಯಲ್ಲಿ ಸೇವೆಯೊಂದು ತನ್ನ ಹೆಸರನ್ನು, ತನಗೆ ಬೇಕಾದ ಮಾಹಿತಿಯ ಸ್ವರೂಪವನ್ನು ಮತ್ತು ತಾನು ಮಾಡುವ ಕೆಲಸವನ್ನು ಸಾಮಾನ್ಯ ಮಾತಿನಲ್ಲಿಯೇ ಬರೆದು ತಿಳಿಸುತ್ತದೆ. ಭಾಷಾ ಮಾದರಿಯು ಅದನ್ನು ಓದಿ ಯಾವ ಸೇವೆಯನ್ನು ಕರೆಯಬೇಕೆಂದು ತೀರ್ಮಾನಿಸುತ್ತದೆ. ಆಂಟಾಲಜಿ ಬರೆಯುವ ಶ್ರಮ ಇಲ್ಲಿ ಬಹುಮಟ್ಟಿಗೆ ತಪ್ಪುತ್ತದೆ. ಗೋವಿನ ಜೋಳವೂ ಮೆಕ್ಕೆಜೋಳವೂ ಒಂದೇ ಎಂಬುದನ್ನು ಇಂತಹ ಮಾದರಿಗಳು ಸಾಮಾನ್ಯವಾಗಿ ಗ್ರಹಿಸಬಲ್ಲವು.

ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಆಂಟಾಲಜಿಯ ಹೊಂದಾಣಿಕೆಯಲ್ಲಿ ಒಂದು ಸೇವೆ ಏಕೆ ಆಯ್ಕೆಯಾಯಿತು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸಬಹುದು. ಹುಳುಕಿದ್ದರೆ ಯಾವ ನಿಯಮದಲ್ಲಿ ಎಂದು ಬೊಟ್ಟು ಮಾಡಬಹುದು. ಭಾಷಾ ಮಾದರಿಯ ಆಯ್ಕೆಯು ಹೋಲಿಕೆಯನ್ನು ಆಧರಿಸಿದ ಅಂದಾಜು. ಬಹುತೇಕ ಸಲ ಸರಿ, ಕೆಲವೊಮ್ಮೆ ತಪ್ಪು, ಏಕೆ ತಪ್ಪಿತೆಂದು ಹೇಳುವುದು ಕಷ್ಟ. ಸೇವೆ ತನ್ನ ಬಗ್ಗೆ ಉತ್ಪ್ರೇಕ್ಷೆಯಿಂದ ಬರೆದುಕೊಂಡಿದ್ದರೆ ಎರಡೂ ವಿಧಾನಗಳು ಮೋಸಹೋಗುತ್ತವೆ. ‘ಆಂಬುಲೆನ್ಸ್’ ಎಂದು ಘೋಷಿಸಿಕೊಂಡವರ ಬಳಿ ಡಿ ಮಾದರಿ ನಿಜಕ್ಕೂ ಇದೆಯೇ ಎಂಬುದನ್ನು ಆಂಟಾಲಜಿಯೂ ಪರಿಶೀಲಿಸಲಾರದು, ಭಾಷಾ ಮಾದರಿಯೂ ಪರಿಶೀಲಿಸಲಾರದು. ಅದಕ್ಕೆ ಹೊಣೆ ಹೊತ್ತ ಮನುಷ್ಯರೂ ಸಂಸ್ಥೆಗಳೂ ಬೇಕು.

ಆದ್ದರಿಂದ ಹಣ, ಆರೋಗ್ಯ, ಪ್ರಯಾಣದಂತಹ ವಿಷಯಗಳಲ್ಲಿ ಎರಡು ವಿಧಾನಗಳನ್ನೂ ಕೂಡಿಸಿ ಬಳಸುವುದು ವಿವೇಕದ ಮಾರ್ಗ. ಸಾವಿರ ಸೇವೆಗಳಿಂದ ಹತ್ತನ್ನು ಆರಿಸಿಕೊಡುವ ಕೆಲಸ ಭಾಷಾ ಮಾದರಿಗಿರಲಿ. ಆ ಹತ್ತರಲ್ಲಿ ಬೇಡಿಕೆಯ ಕಡ್ಡಾಯ ಅಂಶಗಳನ್ನು ಪೂರೈಸುವುದು ಯಾವುದು ಎಂದು ತೀರ್ಮಾನಿಸುವ ಕೆಲಸ ಸ್ಪಷ್ಟ ನಿಯಮಗಳಿಗಿರಲಿ. ಬರೀ ತರ್ಕಕ್ಕಿಂತ ಮಿಶ್ರ ವಿಧಾನ ಲೇಸೆಂದು 2006ರ ಪ್ರಯೋಗಗಳು ಸೂಚಿಸಿದ್ದು ಇಂದಿಗೂ ಅಪ್ರಸ್ತುತವಾಗಿಲ್ಲ. ತಮ್ಮ ಪರವಾಗಿ ಸೇವೆಯೊಂದನ್ನು ಆರಿಸಿದ ತಂತ್ರಾಂಶಕ್ಕೆ ಸಾರ್ವಜನಿಕರು ಕೇಳಬೇಕಾದ ಪ್ರಶ್ನೆ ಇಷ್ಟೆ: ನಾನು ಕೇಳಿದ್ದೇನು, ಈ ಸೇವೆ ಕೊಡುವುದೇನು, ಎರಡೂ ಒಂದೇ ಎಂದು ಹೇಳಿದವರು ಯಾರು? ಆ ಉತ್ತರವನ್ನು ಪರದೆಯ ಮೇಲೆ ತೋರಿಸುವುದು ಸೇವೆ ಒದಗಿಸುವವರ ಕರ್ತವ್ಯವಾಗಬೇಕಾಗಿದೆ.